ಹುಣಸೂರು ಸೀಮೆಯ ಶ್ರೀ ದೇವರಾಜ ಅರಸಿನವರು
(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಮಠದ ಉತ್ಸವದಲ್ಲಿ ರಾಜಕೀಯ ಪುರುಷನೊಬ್ಬನ ಚರಿತ್ರೆಯೇಕೆ ಎಂಬ ಪ್ರಶ್ನೆಯು ಕೆಲವರ ಮನಸ್ಸಿನಲ್ಲಿ ಹುಟ್ಟಬಹುದು. ಅದರಲ್ಲಿಯೂ ಆ ಪುರುಷನು ನಮ್ಮ ಸಮಾಜದವನಲ್ಲ. ನಮ್ಮ ಸಮಾಜದ ಹಿರಿಯರನೇಕರು ಆತನ ಕಾಲದಲ್ಲಿ ತಮಗೆ ಅನ್ಯಾಯವಾಯಿತೆಂದು ನೊಂದುಕೊಂಡವರು. ಆದರೂ ಶ್ರೀಸನ್ನಿಧಿಯವರು ಈ ವಿಷಯವನ್ನೇ ಆರಿಸಿಕೊಟ್ಟಿದ್ದಾರೆ. ಮಠವೆಂಬುದು ಮುಖಸ್ತುತಿಗೆ ಕಟ್ಟಿದ ಮನೆಯಲ್ಲ. ಸತ್ಯವನ್ನು ತೂಗಿ ನೋಡುವುದಕ್ಕೆ ಹಾಕಿದ ಗದ್ದುಗೆ. ನಮಗೆ ಬೇಕಾದವರನ್ನು ಹೊಗಳುವುದು ಸುಲಭ. ನಮ್ಮಿಂದ ಏನನ್ನೋ ಕೇಳಿದವನನ್ನು, ನಮ್ಮ ಕೈಯಿಂದ ಏನನ್ನೋ ಬಿಡಿಸಿದವನನ್ನು ನ್ಯಾಯವಾಗಿ ಅಳೆಯುವುದು ಕಷ್ಟ. ಆ ಕಷ್ಟದ ಕೆಲಸವನ್ನೇ ಈ ದಿನ ಮಾಡಬೇಕಾಗಿದೆ.

ಶ್ರೀ ಡಿ. ದೇವರಾಜ ಅರಸಿನವರು ೧೯೧೫ನೆಯ ಇಸವಿ ಆಗಸ್ಟ್ ೨೦ರಂದು ಜನಿಸಿದರು. ಅವರ ಊರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಈ ಊರಿನ ಹೆಸರು ಕನ್ನಡ ಸಾಹಿತ್ಯವನ್ನು ಓದಿದವರಿಗೆ ಹೊಸದಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿ ಬಾಳಿದ ಜೈನಕವಿ ಮೂರನೆಯ ಮಂಗರಸನು ಕಲ್ಲಹಳ್ಳಿಯ ಪ್ರಭುವಾಗಿದ್ದನು. ಆಗ ಈ ಸೀಮೆಯು ಚಂಗಾಳ್ವರ ಆಳ್ವಿಕೆಗೆ ಒಳಪಟ್ಟಿತ್ತು. ಬೆಟ್ಟದಪುರದ ಬೆಟ್ಟದ ಮೇಲಣ ಅನ್ನದಾನಿ ಮಲ್ಲಿಕಾರ್ಜುನನು ಆ ಅರಸುಮನೆತನದ ಆರಾಧ್ಯದೈವವಾಗಿದ್ದನು. ಹೀಗೆ ಜೈನರೂ ಶೈವರೂ ವೀರಶೈವರೂ ವೈಷ್ಣವರೂ ಒಂದೇ ಹೊಳೆಯ ನೀರನ್ನು ಕುಡಿದು ಬೆಳೆದ ನೆಲವಿದು. ಲಕ್ಷ್ಮಣತೀರ್ಥ, ಕಾವೇರಿ, ಕಪಿಲೆಗಳ ಬಯಲಿನಲ್ಲಿ ರಾಗಿಯ ಹೊಲ, ನಾಲೆಯ ಗದ್ದೆ, ಹೊಗೆಸೊಪ್ಪಿನ ತಾಕು, ದನಗಳ ಕಾವಲು, ಪಡುವಲಲ್ಲಿ ಕಾಕನಕೋಟೆಯ ಕಾಡು, ಕಾಡಿನೊಳಗೆ ಜೇನುಕುರುಬರ ಹಾಡಿ ಇವೆಲ್ಲವೂ ಒಂದು ದಿನದ ಪಯಣದೊಳಗೆ ಕಾಣಸಿಗುತ್ತವೆ. ನಾನಾ ಬಗೆಯ ಜನರು ನಾನಾ ಬಗೆಯಲ್ಲಿ ದುಡಿದು ಬದುಕುವುದನ್ನು ನೋಡುತ್ತ ಬೆಳೆದವನಿಗೆ, ಒಂದೇ ಜಾತಿಯ ಬಲದಿಂದ ರಾಜ್ಯವು ನಡೆಯಲಾರದೆಂಬುದು ಪುಸ್ತಕದಿಂದ ಕಲಿಯಬೇಕಾದ ವಿಷಯವಾಗಿರಲಿಲ್ಲವೆಂದು ನನ್ನ ಭಾವನೆ.

ಅರಸು ಮನೆತನವೆಂದರೆ ಮೈಸೂರಿನ ರಾಜವಂಶಕ್ಕೆ ಸಂಬಂಧಪಟ್ಟ ಕುಲ. ಹೆಸರು ದೊಡ್ಡದು, ಜನಸಂಖ್ಯೆ ಅತಿ ಸ್ವಲ್ಪ. ದೇವರಾಜ ಅರಸಿನವರು ಮೈಸೂರಿನಲ್ಲಿ ಅರಸು ವಿದ್ಯಾರ್ಥಿಗಳಿಗಾಗಿಯೇ ಇದ್ದ ಶಾಲೆಯಲ್ಲಿ ಓದಿ, ಪದವೀಧರರಾಗಿ, ಉದ್ಯೋಗವನ್ನರಸಿ ಪಟ್ಟಣದಲ್ಲಿ ನಿಲ್ಲದೆ ಊರಿಗೆ ಮರಳಿ ಬೇಸಾಯವನ್ನು ಕೈಕೊಂಡರು. ಅವರ ಸೋದರರಾದ ಕೆಂಪರಾಜ ಅರಸಿನವರು ಚಲಚ್ಚಿತ್ರರಂಗದಲ್ಲಿ ನಟರಾಗಿಯೂ ನಿರ್ಮಾಪಕರಾಗಿಯೂ ಹೆಸರಾದರು. ಅಣ್ಣನ ಹಾದಿಯು ವಿಧಾನಸೌಧದ ಕಡೆಗೆ, ತಮ್ಮನ ಹಾದಿಯು ಚಿತ್ರಮಂದಿರದ ಕಡೆಗೆ ಹೋಯಿತು.

೧೯೪೧ರಲ್ಲಿ ದೇವರಾಜ ಅರಸಿನವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಸದಸ್ಯರಾಗಿ ಬಂದರು. ಈ ಸಭೆಯು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ೧೮೮೧ರಲ್ಲಿ, ೧೪೪ ಮಂದಿ ಸದಸ್ಯರಿಂದ ಆರಂಭವಾಯಿತು. ಮೊದಮೊದಲು ಅದಕ್ಕೆ ಶಾಸನವನ್ನು ಮಾಡುವ ಅಧಿಕಾರವಿರಲಿಲ್ಲ. ದಸರೆಯ ಕಾಲದಲ್ಲಿ ಕೂಡಿ, ಪ್ರಜೆಗಳ ಕುಂದುಕೊರತೆಗಳನ್ನು ದೊರೆಗೆ ಅರಿಕೆ ಮಾಡಿಕೊಳ್ಳುವುದಷ್ಟೇ ಅದರ ಕೆಲಸವಾಗಿದ್ದಿತು. ಕೆರೆಯ ಏರಿ ಒಡೆಯಿತು, ಕಂದಾಯ ಹೆಚ್ಚಾಯಿತು, ರಸ್ತೆಗೆ ಸೇತುವೆಯಿಲ್ಲ, ಕಾಡಾನೆಯು ಬೆಳೆಯನ್ನು ತುಳಿಯಿತು ಎಂಬಂಥ ಅರಿಕೆಗಳನ್ನು ಕೇಳುತ್ತ ಕೇಳುತ್ತ ಒಬ್ಬ ಜನಪ್ರತಿನಿಧಿಯು ಪಳಗುತ್ತಿದ್ದನು. ಜನರ ಬಾಯಿಂದ ಬಂದುದನ್ನು ಕಿವಿಗೊಟ್ಟು ಕೇಳುವ ಅಭ್ಯಾಸವು ಅರಸಿನವರಿಗೆ ಆ ಸಭೆಯಲ್ಲಿಯೇ ದೃಢವಾಗಿರಬೇಕು. ಸ್ವಾತಂತ್ರ್ಯಾನಂತರ ಆ ಹಳೆಯ ಸಭೆಯು ಮುಗಿದು ಹೊಸ ವಿಧಾನಸಭೆಯು ಬಂದಿತು. ೧೯೫೨ರ ಮೊದಲನೆಯ ಮಹಾಚುನಾವಣೆಯಿಂದ ಹುಣಸೂರು ಅವರನ್ನು ಮತ್ತೆ ಮತ್ತೆ ಆರಿಸಿ ಕಳುಹಿಸಿತು. ಮುಂದೆ ಶ್ರೀ ನಿಜಲಿಂಗಪ್ಪನವರ ಸಂಪುಟದಲ್ಲಿ ಅವರು ಸಚಿವರಾಗಿಯೂ ದುಡಿದರು.

ಇಲ್ಲಿ ನಮ್ಮ ಸಮಾಜದ ಚರಿತ್ರೆಯನ್ನೂ ಸ್ವಲ್ಪ ನೆನೆಯಬೇಕು. ೧೯೫೬ನೆಯ ನವೆಂಬರ್ ೧ರಂದು ಕನ್ನಡನಾಡು ಒಂದುಗೂಡಿತು. ಅಂದಿನಿಂದ ೧೯೭೧ರವರೆಗೆ ಮುಖ್ಯಮಂತ್ರಿಗಳಾದ ಶ್ರೀ ಎಸ್. ನಿಜಲಿಂಗಪ್ಪನವರು, ಶ್ರೀ ಬಿ. ಡಿ. ಜತ್ತಿಯವರು, ಶ್ರೀ ಎಸ್. ಆರ್. ಕಂಠಿಯವರು, ಶ್ರೀ ವೀರೇಂದ್ರ ಪಾಟೀಲರು ಇವರೆಲ್ಲರೂ ಲಿಂಗವಂತ ಸಮಾಜದವರೇ. ಅವರ ಸೇವೆಯು ಸಣ್ಣದಲ್ಲ. ಚೆದರಿಹೋಗಿದ್ದ ಐದು ಆಡಳಿತಗಳ ಕನ್ನಡಿಗರನ್ನು ಒಂದು ರಾಜ್ಯವಾಗಿ ಹೊಂದಿಸಿದ ಕೀರ್ತಿಯು ಅವರದು. ಆದರೆ ಹದಿನೈದು ವರ್ಷಗಳ ಕಾಲ ಒಂದು ಸಮಾಜದ ಕೈಯಲ್ಲಿ ಮುಖ್ಯಾಧಿಕಾರವು ನಿಂತಾಗ, ಆ ಅಧಿಕಾರವು ತಮ್ಮ ಮನೆಯ ಸೊತ್ತೆಂಬ ಭ್ರಾಂತಿಯು ಆ ಸಮಾಜದ ಕೆಲವರಲ್ಲಿಯೂ, ಅದು ತಮಗೆಂದಿಗೂ ದೊರೆಯದೆಂಬ ನಿರಾಶೆಯು ಇತರರಲ್ಲಿಯೂ ಹುಟ್ಟುವುದು ಸಹಜವಾಗಿತ್ತು.

೧೯೬೯ರಲ್ಲಿ ಕಾಂಗ್ರೆಸ್ಸು ಇಬ್ಭಾಗವಾಯಿತು. ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ಒಂದು ಕಡೆಗೆ, ಪ್ರಧಾನಮಂತ್ರಿಗಳಾಗಿದ್ದ ಶ್ರೀಮತಿ ಇಂದಿರಾ ಗಾಂಧಿಯವರು ಇನ್ನೊಂದು ಕಡೆಗೆ ನಿಂತರು. ರಾಜ್ಯದ ಪ್ರಬಲರೆಲ್ಲರೂ ಬಹುಮಟ್ಟಿಗೆ ನಿಜಲಿಂಗಪ್ಪನವರ ಪಕ್ಷದಲ್ಲಿ ಉಳಿದರು. ದೇವರಾಜ ಅರಸಿನವರು ಇಂದಿರಾ ಗಾಂಧಿಯವರ ಪಕ್ಷವನ್ನು ಹಿಡಿದು, ರಾಜ್ಯದಲ್ಲಿ ಅದನ್ನು ಬುಡದಿಂದ ಕಟ್ಟುವ ಭಾರವನ್ನು ಹೊತ್ತರು. ಹಿರಿಯ ಮನೆತನಗಳ ಬೆಂಬಲವಿಲ್ಲ, ದೊಡ್ಡ ಜಾತಿಗಳ ಒಕ್ಕೂಟವಿಲ್ಲ, ತಮ್ಮ ಕುಲದ ಸಂಖ್ಯಾಬಲವಂತೂ ಇಲ್ಲವೇ ಇಲ್ಲ. ಆಗ ಅವರು ಕಂಡುಕೊಂಡ ದಾರಿಯು ಸರಳವಾದುದು: ಒಂದೊಂದಾಗಿ ಎಣಿಸಿದರೆ ಲೆಕ್ಕಕ್ಕೆ ಬಾರದ ಸಣ್ಣ ಸಣ್ಣ ಸಮುದಾಯಗಳನ್ನು ಒಟ್ಟುಗೂಡಿಸಿದರೆ ಅವು ದೊಡ್ಡದಾಗುತ್ತವೆ. ಹನಿಗೂಡಿದರೆ ಹಳ್ಳವೆಂದು ನಮ್ಮ ಹಳ್ಳಿಯ ಮುದುಕರಿಗೂ ಗೊತ್ತು. ಆದರೆ ಅದನ್ನು ವಿಧಾನಸಭೆಯ ಚುನಾವಣೆಗೆ ಅನ್ವಯಿಸಿ ತೋರಿಸಿದವರು ಅರಸಿನವರು.

೧೯೭೨ರ ಚುನಾವಣೆಯಲ್ಲಿ ೨೧೬ ಸ್ಥಾನಗಳಲ್ಲಿ ೧೬೫ ಸ್ಥಾನಗಳು ಅವರ ಪಕ್ಷಕ್ಕೆ ಬಂದುವು. ಅರಸಿನವರು ಸ್ವತಃ ಆ ಚುನಾವಣೆಗೆ ನಿಲ್ಲದೆ ಇತರರನ್ನು ಗೆಲ್ಲಿಸುವುದರಲ್ಲಿ ತೊಡಗಿದ್ದು, ಮಾರ್ಚ್ ೨೦ರಂದು ಮುಖ್ಯಮಂತ್ರಿಯಾದ ಮೇಲೆ ಉಪಚುನಾವಣೆಯಲ್ಲಿ ಹುಣಸೂರಿನಿಂದಲೇ ಸಭೆಯನ್ನು ಪ್ರವೇಶಿಸಿದರು. ಆ ಸಭೆಯೊಳಕ್ಕೆ ಹಿಂದೆಂದೂ ಬಾರದ ಜನರು ಬಂದರು. ಶ್ರೀ ಮಲ್ಲಿಕಾರ್ಜುನ ಖರ್ಗೆ, ಶ್ರೀ ವೀರಪ್ಪ ಮೊಯ್ಲಿ, ಶ್ರೀ ಧರಮ್ ಸಿಂಗ್ ಮುಂತಾದವರು ವಿಧಾನಸಭೆಗೆ ಬಂದುದು ಆ ವರ್ಷದಲ್ಲಿಯೇ. ಅವರಲ್ಲಿ ಮೊಯ್ಲಿಯವರೂ ಧರಮ್ ಸಿಂಗರೂ ಮುಂದೆ ಮುಖ್ಯಮಂತ್ರಿಗಳಾದರು. ಒಬ್ಬ ನಾಯಕನ ಯೋಗ್ಯತೆಯನ್ನು ಅವನು ಕುಳಿತ ಗದ್ದುಗೆಯಿಂದ ಮಾತ್ರವಲ್ಲದೆ, ತನ್ನ ಬಳಿ ಕುಳ್ಳಿರಿಸಿಕೊಂಡು ಬೆಳೆಸಿದ ಶಿಷ್ಯರಿಂದಲೂ ಅಳೆಯಬೇಕು. ಗುರುಪರಂಪರೆಯಲ್ಲಿ ಬಾಳುವ ನಮಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಅವರ ಆಳ್ವಿಕೆಯಲ್ಲಿಯೇ, ೧೯೭೩ನೆಯ ನವೆಂಬರ್ ೧ರಂದು, ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಮೈಸೂರು ರಾಜಕುಲಕ್ಕೆ ಸೇರಿದ ಒಬ್ಬರು ಮುಖ್ಯಮಂತ್ರಿಯಾಗಿದ್ದಾಗಲೇ ಆ ಹೆಸರು ಬಂದುದು ವಿಶೇಷವಾದ ಸಂಗತಿ.

ಈಗ ಭೂಮಿಯ ವಿಷಯಕ್ಕೆ ಬರೋಣ. ಭೂಸುಧಾರಣೆಯ ಶಾಸನವು ೧೯೬೧ರಲ್ಲಿಯೇ ಆಗಿ, ೧೯೬೫ರಿಂದ ಜಾರಿಯಲ್ಲಿದ್ದಿತು. ಆದರೆ ಅದರಲ್ಲಿ ಒಡೆಯನು ಸ್ವಂತ ಸಾಗುವಳಿಗೆಂದು ಭೂಮಿಯನ್ನು ಬಿಡಿಸಿಕೊಳ್ಳಲು ದಾರಿಗಳಿದ್ದುವು. ಅರಸಿನವರ ಸರಕಾರವು ತಂದ ತಿದ್ದುಪಡಿಯು ೧೯೭೪ನೆಯ ಮಾರ್ಚ್ ೧ರಿಂದ ಜಾರಿಗೆ ಬಂದಿತು. ಅದರ ಸಾರವಿಷ್ಟು: ಆ ದಿನದಂದು ಗೇಣಿದಾರನ ಕೈಯಲ್ಲಿದ್ದ ಭೂಮಿಯೆಲ್ಲವೂ ಸರಕಾರದಲ್ಲಿ ನಿಹಿತವಾಯಿತು, ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿಯನ್ನು ಹಾಕಿಕೊಂಡರೆ ವಿಚಾರಣೆಯಾಗಿ ಅವನಿಗೆ ಅಧಿಭೋಗದ ಹಕ್ಕು ದೊರೆಯುವುದು. ವಿಚಾರಣೆಗೆ ಸಿವಿಲ್ ನ್ಯಾಯಾಲಯವಲ್ಲ, ತಾಲ್ಲೂಕಿನಲ್ಲಿಯೇ ಭೂನ್ಯಾಯ ಮಂಡಳಿ. ಅದರಲ್ಲಿ ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರು. ಉಳಿದ ನಾಲ್ವರು ಸರಕಾರದಿಂದ ನೇಮಕವಾದವರು, ಅವರಲ್ಲೊಬ್ಬರು ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಾಗಿರಬೇಕು. ಮೊದಲಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಭೂಮಿಯ ಮೇಲ್ಮಿತಿಯನ್ನು ಐವರ ಕುಟುಂಬವೊಂದಕ್ಕೆ ಹತ್ತು ಘಟಕಗಳೆಂದು ಗೊತ್ತುಮಾಡಿದರು. ಅಂದರೆ ಅತ್ಯುತ್ತಮವಾದ ನೀರಾವರಿ ಜಮೀನಾದರೆ ೧೦ ಎಕರೆ, ಕೇವಲ ಖುಷ್ಕಿಯಾದರೆ ೫೪ ಎಕರೆ.

ವಕೀಲರನ್ನು ಏಕೆ ದೂರವಿಟ್ಟರೆಂಬುದನ್ನು ಯೋಚಿಸಿರಿ. ಗೇಣಿಯವನಿಗೆ ಅಕ್ಷರ ಬಾರದು. ಕಾಗದವೆಲ್ಲವೂ ಒಡೆಯನ ಪೆಟ್ಟಿಗೆಯಲ್ಲಿ. ರಸೀದಿ ಕೊಟ್ಟಿಲ್ಲ, ಕರಾರು ಬರೆದಿಲ್ಲ. ವಾರಕ್ಕೆ ಮಾಡಿದ ಹೊಲದಲ್ಲಿ ಕಣದ ಮೇಲೆ ಅರೆಪಾಲು ಅಳೆದುಕೊಟ್ಟರೆ ಮುಗಿಯಿತು. ಇಂಥವನು ಕೋರ್ಟಿನ ಮೆಟ್ಟಿಲನ್ನು ಹತ್ತಿದರೆ ಮೊದಲು ಎತ್ತು ಮಾರುವುದು, ಆಮೇಲೆ ಹೊಲ ಹೋಗುವುದು. ಆದುದರಿಂದ ಊರಿನ ಹತ್ತಿರದಲ್ಲಿಯೇ, ಊರವರ ಸಾಕ್ಷಿಯ ಮೇಲೆ, ಯಾರು ಉಳುತ್ತಿದ್ದರೆಂಬ ಒಂದೇ ಪ್ರಶ್ನೆಯನ್ನು ಕೇಳಿ ತೀರ್ಮಾನಿಸುವ ಏರ್ಪಾಟಾಯಿತು. ಅರ್ಜಿಗೆ ಕೊನೆಯ ದಿನವನ್ನು ೧೯೭೯ನೆಯ ಜೂನ್ ೩೦ರವರೆಗೆ ವಿಸ್ತರಿಸಿದರು. ರಾಜ್ಯದಲ್ಲೆಲ್ಲ ಸುಮಾರು ಎಂಟು ಲಕ್ಷ ಅರ್ಜಿಗಳು ಬಂದುವು. ನಾಲ್ಕು ಲಕ್ಷಕ್ಕೂ ಮಿಗಿಲಾದ ಅರ್ಜಿದಾರರ ಪಾಲಿಗೆ ತೀರ್ಪಾಯಿತು. ಗೇಣಿಯ ಪದ್ಧತಿಯು ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಹೆಚ್ಚಾಗಿದ್ದುದರಿಂದ ಅಲ್ಲಿ ಫಲವು ಹೆಚ್ಚು, ನಮ್ಮ ಬಯಲುಸೀಮೆಯಲ್ಲಿ ಕಡಮೆ. ಆದರೂ ನಮ್ಮ ಕಡೆಯ ಹಳ್ಳಿಗಳಲ್ಲಿ ಏಳನೆಯ ನಮೂನೆಯೆಂಬ ಮಾತು ಮುದುಕರ ಬಾಯಲ್ಲಿ ಒಂದು ಶಕದ ಹೆಸರಿನಂತೆ ಬಹುಕಾಲ ಉಳಿಯಿತು. ನಾನು ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ, ಮಗುವಿನ ವಯಸ್ಸನ್ನು ಕೇಳಿದರೆ, ನಮೂನೆ ಹಾಕಿದ ವರ್ಷ ಹುಟ್ಟಿದವನೆಂದು ಹೇಳುವ ಒಕ್ಕಲುಮಕ್ಕಳನ್ನು ಕಂಡಿದ್ದೇನೆ.

ಮಠಗಳಿಗೂ ಈ ಕಾಲವು ಪರೀಕ್ಷೆಯ ಕಾಲವಾಯಿತು. ಧಾರ್ಮಿಕ ಇನಾಮುಗಳನ್ನು ರದ್ದುಮಾಡುವ ಮೈಸೂರು ಶಾಸನವು ೧೯೫೫ರಲ್ಲಿಯೇ ಆಗಿತ್ತು. ೧೯೭೪ರ ತಿದ್ದುಪಡಿಯಿಂದ ಮಠ, ದೇವಸ್ಥಾನಗಳ ಗೇಣಿಯ ಭೂಮಿಗಳೂ ಉಳುವವರ ಕಡೆಗೆ ಹೋದುವು. ಅವುಗಳಿಗೆ ಪ್ರತಿಯಾಗಿ ವರ್ಷಾಶನದ ಏರ್ಪಾಟಾಯಿತು. ದಾಸೋಹವು ನಿಂತುಹೋಗುವುದೆಂದು ಆಗ ಅನೇಕರು ಭಯಪಟ್ಟರು. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಖಂಡುಗಗಟ್ಟಲೆ ಧಾನ್ಯವು ಗೇಣಿಯಿಂದ ಬರುತ್ತಿದ್ದ ಕಣಜವು ಬರಿದಾದರೆ, ಪಂಕ್ತಿಯಲ್ಲಿ ಕುಳಿತ ಹುಡುಗರ ತಟ್ಟೆಗೆ ಏನನ್ನು ಬಡಿಸುವುದು?

ಆದರೆ ಶರಣ ಬಂಧುಗಳೇ, ಇಲ್ಲಿ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಮ್ಮ ಧರ್ಮವು ಕಾಯಕವನ್ನೂ ದಾಸೋಹವನ್ನೂ ಎರಡು ಕಣ್ಣುಗಳೆಂದು ಹೇಳುತ್ತದೆ. ಕಾಯಕವೆಂದರೆ ತಾನು ದುಡಿದುದು. ದಾಸೋಹವೆಂದರೆ ದುಡಿದುದನ್ನು ಮನಸಾರೆ ನೀಡುವುದು. ಗೇಣಿಯಲ್ಲಿ ಬಂದ ಧಾನ್ಯವು ಕಾಯಕದ ಫಲವೇ ಅಹುದು. ಆದರೆ ಅದು ಒಕ್ಕಲಿಗನ ಕಾಯಕ, ಮತ್ತು ಅವನು ಅದನ್ನು ಕೊಟ್ಟುದು ಕರಾರಿನಿಂದ, ಭಕ್ತಿಯಿಂದಲ್ಲ. ಭೂಮಿಯ ಒಡೆಯನಾದ ಮೇಲೆ ಅದೇ ಒಕ್ಕಲಿಗನು ಸುಗ್ಗಿಯ ಕಾಲದಲ್ಲಿ ಮೂಟೆ ರಾಗಿಯನ್ನೋ ಭತ್ತವನ್ನೋ ಮಠದ ಬಾಗಿಲಿಗೆ ತಂದಿಳಿಸಿದರೆ, ಆಗ ಮಾತ್ರ ಅದು ನಿಜವಾದ ದಾಸೋಹ. ನಾಡಿನ ಮಠಗಳಲ್ಲಿ ದಾಸೋಹವು ನಿಲ್ಲಲಿಲ್ಲವೆಂಬುದನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ. ಗೇಣಿಯು ನಿಂತಿತು, ಕಾಣಿಕೆಯು ನಿಲ್ಲಲಿಲ್ಲ. ಶಾಸನವು ಮಠದಿಂದ ಭೂಮಿಯನ್ನು ತೆಗೆದುಕೊಂಡಿರಬಹುದು. ಮಠಕ್ಕೆ ಭಕ್ತರನ್ನು ಮರಳಿ ಕೊಟ್ಟಿತು.

ಇನ್ನು ನಮ್ಮ ಸಮಾಜದ ಮನಸ್ಸನ್ನು ಅತಿಯಾಗಿ ನೋಯಿಸಿದ ವಿಷಯ, ಹಾವನೂರು ವರದಿ. ೧೯೭೨ರಲ್ಲಿ ಅರಸಿನವರ ಸರಕಾರವು ಶ್ರೀ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿತು. ೧೯೭೫ರ ನವೆಂಬರಿನಲ್ಲಿ ವರದಿಯು ಬಂದಿತು. ಒಂದೊಂದು ಸಮುದಾಯದಲ್ಲಿ ಸಾವಿರ ಜನಕ್ಕೆ ಎಷ್ಟು ಮಂದಿ ಎಸ್. ಎಸ್. ಎಲ್. ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆ, ಸರಕಾರಿ ನೌಕರಿಯಲ್ಲಿ ಅವರ ಪಾಲೆಷ್ಟು ಎಂಬುದನ್ನು ಲೆಕ್ಕ ಹಾಕಿ, ರಾಜ್ಯದ ಸರಾಸರಿಗಿಂತ ಕೆಳಗಿದ್ದವರನ್ನು ಹಿಂದುಳಿದವರೆಂದು ಎಣಿಸಿದರು. ಲಿಂಗಾಯತರು ಆ ಪಟ್ಟಿಯಿಂದ ಹೊರಗುಳಿದರು. ೧೯೭೭ರ ಫೆಬ್ರವರಿಯಲ್ಲಿ ಹೊರಟ ಸರಕಾರಿ ಆಜ್ಞೆಯಿಂದ ಹಿಂದುಳಿದ ವರ್ಗಗಳಿಗೆ ನೂರಕ್ಕೆ ೪೦ರಷ್ಟು ಸ್ಥಾನಗಳು ಮೀಸಲಾದುವು. ಪರಿಶಿಷ್ಟರಿಗೆ ಮೊದಲಿನಿಂದ ಇದ್ದ ೧೮ ಬೇರೆ.

ನಮ್ಮವರ ಕೋಪಕ್ಕೆ ಕಾರಣವಿರಲಿಲ್ಲವೆಂದು ನಾನು ಹೇಳಲಾರೆ. ಸರಾಸರಿಯೆಂಬುದು ಒಂದು ಮಾಯೆ. ಹತ್ತು ಜನರಲ್ಲಿ ಇಬ್ಬರು ಶ್ರೀಮಂತರಾದರೆ ಹತ್ತು ಜನರೂ ಅನುಕೂಲಸ್ಥರೆಂದು ಅದು ಹೇಳಿಬಿಡುತ್ತದೆ. ಲಿಂಗವನ್ನು ಕಟ್ಟಿಕೊಂಡು ಗಾಣವನ್ನು ತಿರುಗಿಸುವವನು, ಮಡಕೆಯನ್ನು ಮಾಡುವವನು, ಕ್ಷೌರ ಮಾಡುವವನು, ಬಟ್ಟೆ ಒಗೆಯುವವನು, ಕೂಲಿಗೆ ಹೋಗುವವನು, ಊರೂರಲೆದು ಕಂತೆಭಿಕ್ಷೆಯಿಂದ ಬದುಕುವ ಬಡ ಜಂಗಮನು ಇವರೆಲ್ಲರೂ ನಮ್ಮ ಸಮಾಜದವರೇ. ದೊಡ್ಡ ಹಿಡುವಳಿಯವರ ನೆರಳಿನಲ್ಲಿ ಇಂಥವರ ಮಕ್ಕಳು ಕಾಣದೆ ಹೋಗುವ ಅಪಾಯವಿತ್ತು, ಇಂದಿಗೂ ಇದೆ. ಈ ಆಕ್ಷೇಪವು ನ್ಯಾಯವಾದುದು. ಮುಂದೆ ಬಂದ ಆಯೋಗಗಳೂ ಸರಕಾರಗಳೂ ಇದನ್ನು ಮತ್ತೆ ಮತ್ತೆ ವಿಚಾರಿಸಬೇಕಾಯಿತು. ಕಡೆಗೆ ನಮ್ಮ ಸಮಾಜಕ್ಕೂ ೩ಬಿ ಎಂಬ ಪ್ರವರ್ಗದಲ್ಲಿ ಸ್ಥಾನವು ದೊರೆಯಿತು.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ೧೯೧೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಸರಕಾರವು ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದಾಗ, ಬ್ರಾಹ್ಮಣೇತರ ಸಮುದಾಯಗಳನ್ನೆಲ್ಲ ಹಿಂದುಳಿದವೆಂದು ಎಣಿಸಿ ವಿದ್ಯೆಗೂ ನೌಕರಿಗೂ ಸೌಕರ್ಯವನ್ನು ಮಾಡಿಕೊಟ್ಟಿತು. ಆಗ ನಮ್ಮ ಸಮಾಜವೂ ಆ ಏಣಿಯನ್ನು ಹಿಡಿದೇ ಮೇಲೆ ಬಂದಿತು. ಅದರೊಂದಿಗೆ ಮಠಗಳ ಶ್ರಮವೂ ಕೂಡಿತು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ಆರಂಭಿಸಿದುದು ೧೯೪೧ರಲ್ಲಿ, ಎಂದರೆ ದೇವರಾಜ ಅರಸಿನವರು ಪ್ರಜಾಪ್ರತಿನಿಧಿ ಸಭೆಗೆ ಬಂದ ವರ್ಷದಲ್ಲಿಯೇ. ಸಿದ್ಧಗಂಗೆಯೇ ಮೊದಲಾದ ಮಠಗಳಲ್ಲಿಯೂ ಸಾವಿರಾರು ಬಡಮಕ್ಕಳಿಗೆ ಅನ್ನವೂ ಅಕ್ಷರವೂ ಒಟ್ಟಿಗೆ ದೊರೆತುವು. ಹಾವನೂರರು ಎಣಿಸಿದ ಎಸ್. ಎಸ್. ಎಲ್. ಸಿ. ತೇರ್ಗಡೆಯ ಅಂಕಿಗಳಲ್ಲಿ ನಮ್ಮ ಸಮಾಜದ ಸಂಖ್ಯೆಯು ಮೇಲೇರಿದ್ದರೆ ಅದು ಎಲ್ಲಿಂದ ಬಂದುದು? ಮಠಗಳ ಒಲೆಯಿಂದ ಬಂದುದು, ಭಕ್ತರ ಕಾಣಿಕೆಯಿಂದ ಬಂದುದು. ಹಾಗೆ ನೋಡಿದರೆ ಪಟ್ಟಿಯಿಂದ ಹೊರಗಿಟ್ಟುದು ನಮ್ಮ ಗುರುಗಳ ದುಡಿಮೆಗೆ ಸಿಕ್ಕಿದ ಒಂದು ಪ್ರಶಸ್ತಿಪತ್ರವೂ ಅಹುದು. ಹತ್ತಿದ ಏಣಿಯನ್ನು ಒದೆಯುವವನು ಶರಣನಲ್ಲ. ಮಠವಿಲ್ಲದ, ನಿಲಯವಿಲ್ಲದ, ಹೆಸರು ಹೇಳಿದರೆ ಯಾರಿಗೂ ಗುರುತು ಸಿಕ್ಕದ ಸಣ್ಣ ಸಣ್ಣ ಕುಲಗಳ ಮಗುವೂ ಆ ಏಣಿಯ ಮೊದಲ ಮೆಟ್ಟಿಲಿನ ಮೇಲೆ ಕಾಲಿಡಲಿ ಎಂದು ಸರಕಾರವು ಬಯಸಿದರೆ, ಅದು ನಮ್ಮ ಧರ್ಮಕ್ಕೆ ಹೊರಗಿನ ಮಾತಲ್ಲ.

ಅರಸಿನವರ ಕಾಲದ ಇತರ ಕಾರ್ಯಗಳನ್ನು ಸಂಕ್ಷೇಪವಾಗಿ ಸೂಚಿಸುತ್ತೇನೆ. ೧೯೭೬ರ ಋಣಪರಿಹಾರ ಶಾಸನದಿಂದ ಬಡವರ ಸಾಲಗಳು ಮನ್ನಾ ಆದುವು. ಜೀತದಾಳುಗಳ ಬಿಡುಗಡೆಯು ನಡೆಯಿತು. ಮಲವನ್ನು ತಲೆಯ ಮೇಲೆ ಹೊರುವ ಹೀನಪದ್ಧತಿಯನ್ನು ನಿಲ್ಲಿಸಲು ಅವರ ಸಂಪುಟದ ಶ್ರೀ ಬಿ. ಬಸವಲಿಂಗಪ್ಪನವರು ಪಟ್ಟುಹಿಡಿದು ದುಡಿದರು. ಮನೆಯಿಲ್ಲದವರಿಗೆ ಜನತಾ ಮನೆಗಳು, ಕೆಲಸವಿಲ್ಲದ ಪದವೀಧರರಿಗೆ ವೇತನದ ಯೋಜನೆ ಇವೂ ಅವರ ಕಾಲದವು.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳದಿದ್ದರೆ ಈ ಉಪನ್ಯಾಸವು ಭಟ್ಟಂಗಿಯ ಮಾತಾಗುವುದು. ೧೯೭೫ರ ಜೂನಿನಿಂದ ೧೯೭೭ರವರೆಗೆ ದೇಶದಲ್ಲಿ ತುರ್ತುಪರಿಸ್ಥಿತಿಯಿದ್ದಾಗ, ಈ ರಾಜ್ಯದ ಕಾರಾಗೃಹಗಳಲ್ಲಿಯೂ ವಿಚಾರಣೆಯಿಲ್ಲದೆ ಅನೇಕರು ಬಂಧಿತರಾಗಿದ್ದರು. ಅಂದಿನ ರಾಜ್ಯಸರಕಾರದ ಮುಖ್ಯಸ್ಥರಾಗಿ ಅರಸಿನವರು ಅದರ ಹೊಣೆಯಿಂದ ಪಾರಾಗಲಾರರು. ಅವರ ಆಡಳಿತದ ಮೇಲಿನ ಆರೋಪಗಳನ್ನು ವಿಚಾರಿಸಲು ಕೇಂದ್ರಸರಕಾರವು ೧೯೭೭ರಲ್ಲಿ ನ್ಯಾಯಮೂರ್ತಿ ಗ್ರೋವರರ ಆಯೋಗವನ್ನು ನೇಮಿಸಿತು; ಸ್ವಜನಪಕ್ಷಪಾತವೇ ಮೊದಲಾದ ಕೆಲವು ಆರೋಪಗಳು ನಿಜವೆಂದು ಆ ಆಯೋಗವು ಕಂಡಿತು. ಭೂಶಾಸನದಲ್ಲಿಯೂ ಕೊರತೆಗಳಿದ್ದುವು. ಗೇಣಿದಾರನಿಗೆ ಭೂಮಿ ದೊರೆತಷ್ಟು ಸುಲಭವಾಗಿ ಬರಿಗೈಯ ಕೂಲಿಯಾಳಿಗೆ ದೊರೆಯಲಿಲ್ಲ. ದುಡಿಯಲು ಗಂಡುದಿಕ್ಕಿಲ್ಲದೆ ಒಂದೆರಡು ಎಕರೆಯನ್ನು ವಾರಕ್ಕೆ ಕೊಟ್ಟು ಬದುಕುತ್ತಿದ್ದ ವಿಧವೆಯೂ, ನೂರಾರು ಎಕರೆಯ ಒಡೆಯನೂ ಶಾಸನದ ಕಣ್ಣಿಗೆ ಒಂದೇ ಆಗಿ ಕಂಡುದುಂಟು. ನಮ್ಮ ಹೆಗ್ಗಡದೇವನಕೋಟೆಯಲ್ಲಿ ೧೯೭೪ರಲ್ಲಿ ಕಪಿಲೆಯ ಅಣೆಕಟ್ಟು ಮುಗಿದಾಗ ಕೆಳಗಿನ ಬಯಲಿಗೆ ನೀರು ಬಂದಿತು. ಮೇಲಿನ ಹಳ್ಳಿಗಳೂ ಹಾಡಿಗಳೂ ಮುಳುಗಿದುವು. ಕಾಡಿನ ಮಕ್ಕಳಿಗೆ ಏಳನೆಯ ನಮೂನೆಯಿರಲಿಲ್ಲ. ಏಕೆಂದರೆ ಅವರು ಯಾರ ಗೇಣಿದಾರರೂ ಆಗಿರಲಿಲ್ಲ. ಉಳುವವನಿಗೆ ಭೂಮಿಯೆಂಬ ನ್ಯಾಯವು ಕಾಡನ್ನೇ ನಂಬಿ ಬದುಕಿದವನನ್ನು ತಲುಪಲಿಲ್ಲ.

ಅವರ ಕೊನೆಯ ವರ್ಷಗಳು ಏರಿಳಿತಗಳಿಂದ ತುಂಬಿವೆ. ೧೯೭೭ರ ಡಿಸೆಂಬರ್ ೩೧ರಂದು ಅವರ ಸರಕಾರವು ಹೋಗಿ ರಾಷ್ಟ್ರಪತಿಯ ಆಡಳಿತವು ಬಂದಿತು. ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ೨೨೪ ಸ್ಥಾನಗಳಲ್ಲಿ ೧೪೯ನ್ನು ಗೆದ್ದು, ೧೯೭೮ನೆಯ ಫೆಬ್ರವರಿ ೨೮ರಂದು ಮತ್ತೆ ಮುಖ್ಯಮಂತ್ರಿಯಾದರು. ಅದೇ ವರ್ಷದ ನವೆಂಬರಿನಲ್ಲಿ, ರಾಯಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರನ್ನು ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆಲ್ಲಿಸಿ ಕಳುಹಿಸಿದರು. ಎದುರಿಗೆ ನಿಂತಿದ್ದವರು ವೀರೇಂದ್ರ ಪಾಟೀಲರು. ಮರುವರ್ಷವೇ ಅವರಿಬ್ಬರ ನಡುವೆ ವಿರಸವು ಬೆಳೆದು, ಅರಸಿನವರು ಪಕ್ಷದಿಂದ ಹೊರಗಾದರು. ೧೯೮೦ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷವು ನೆಲಕಚ್ಚಿತು. ಅವರು ಅಧಿಕಾರವನ್ನು ಬಿಟ್ಟರು. ಜೊತೆಯಲ್ಲಿದ್ದವರಲ್ಲಿ ಬಹುಮಂದಿ ಎದುರುಪಕ್ಷದ ಬಾಗಿಲಿನಲ್ಲಿ ಕಾಣಿಸಿಕೊಂಡರು. ಎರಡೂ ಅವಧಿ ಸೇರಿ ಏಳೂವರೆ ವರ್ಷಕ್ಕೂ ಮಿಗಿಲಾಗಿ ರಾಜ್ಯವನ್ನಾಳಿದವರು ಕ್ರಾಂತಿರಂಗವೆಂಬ ಹೊಸ ಪಕ್ಷವನ್ನು ಕಟ್ಟಲು ಹೊರಟು, ಅದು ಬೇರೂರುವ ಮೊದಲೇ ೧೯೮೨ನೆಯ ಜೂನ್ ೬ರಂದು ಕಾಲವಶರಾದರು.

ಆದರೆ ಅವರ ಕೆಲಸವು ಅವರೊಡನೆ ಸಾಯಲಿಲ್ಲ. ಆಮೇಲೆ ಬಂದ ಸರಕಾರಗಳು ಯಾವ ಪಕ್ಷದವಾದರೂ, ಕೊಟ್ಟ ಭೂಮಿಯನ್ನು ಮರಳಿ ಕಿತ್ತುಕೊಳ್ಳಲು ಧೈರ್ಯಪಡಲಿಲ್ಲ. ಹಿಂದುಳಿದವರ ಮೀಸಲಾತಿಯನ್ನು ತೆಗೆದುಹಾಕಲಿಲ್ಲ. ಅಧಿಕಾರದಲ್ಲಿದ್ದಾಗ ಕಟ್ಟಿದುದು ಅಧಿಕಾರವು ಹೋದ ಮೇಲೂ ನಿಂತಿದ್ದರೆ, ಅದನ್ನು ಕಟ್ಟಿದವನು ಕೇವಲ ಗದ್ದುಗೆಗಾಗಿ ಕಟ್ಟಿರಲಿಲ್ಲವೆಂದು ತಿಳಿಯಬೇಕು.

ಅವರ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಮೂರು ಮಾತು. ಮೊದಲನೆಯದು, ಎಣಿಕೆಯಲ್ಲಿ ಸಣ್ಣವರಾದವರನ್ನು ಕಡೆಗಣಿಸಬಾರದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನಮ್ಮ ಹಿರಿಯರು ಕೂಡಿಸಿದುದು ಸಣ್ಣವರೆನಿಸಿಕೊಂಡವರನ್ನೇ. ಎರಡನೆಯದು, ನಮಗೆ ನಷ್ಟವಾದ ಮಾತ್ರಕ್ಕೆ ಒಂದು ಕಾರ್ಯವು ಅಧರ್ಮವಾಗುವುದಿಲ್ಲ; ಆ ನಷ್ಟದಿಂದ ಯಾರ ಮನೆಯ ಒಲೆಯು ಹೊತ್ತಿತೆಂಬುದನ್ನೂ ನೋಡಬೇಕು. ಮ���ರನೆಯದು, ಒಳ್ಳೆಯ ಕಾರ್ಯವನ್ನು ಮಾಡಿದವನ ದೋಷಗಳೂ ದೋಷಗಳೇ; ಅವನ್ನು ಮುಚ್ಚಿದರೆ ಮುಂದಿನವರಿಗೆ ಅವೇ ಪಾಠವಾಗುತ್ತವೆ.

ಶ್ರೀಮಠದ ಪ್ರಸಾದನಿಲಯದಲ್ಲಿ ನಮ್ಮ ಸಮಾಜದ ಬಡಮಕ್ಕಳೊಡನೆ ಹಾಡಿಯ ಮಕ್ಕಳೂ, ಹೆಸರಿಲ್ಲದ ಕುಲಗಳ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಾಗಲಿ. ಸರಕಾರದ ಪಟ್ಟಿಗಳು ಕಾಲಕಾಲಕ್ಕೆ ಬದಲಾಗುತ್ತವೆ. ದಾಸೋಹದ ಪಂಕ್ತಿಗೆ ಪಟ್ಟಿಯೇ ಇರಕೂಡದು. ಈ ಪ್ರಾರ್ಥನೆಯನ್ನು ಶ್ರೀಸನ್ನಿಧಿಯ ಪಾದಗಳಲ್ಲಿ ಇಡುತ್ತೇನೆ.